ಜಾಲಿದೊಡ್ಡಿಗೆ ಹೋಗದ ಕರೆ

ಬಸ್ಸು ಇವತ್ತೊಂದು ದಿನ ಕೆಟ್ಟು ನಿಲ್ಲಬಾರದೆ ಎಂದು ಪದ್ಮಿನಿ ಅಂದುಕೊಳ್ಳುತ್ತಿದ್ದ ಹಾಗೇ ಅದು ಯಳಂದೂರಿನ ಕಡೆಯಿಂದ ಬಂದು ಅಗರದ ಸ್ಟಾಪಿನಲ್ಲಿ ಅವಳೆದುರಿಗೇ ನಿಂತಿತು. ಹತ್ತಿದಳು. ಹಿಂದಿನ ಸೀಟಿನಲ್ಲಿ ಯಾರದೋ ಫೋನು ಹೊಡೆದುಕೊಂಡಿತು. ಅವಳು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. ಈಚೆಗೆ ಹೀಗೆ. ಯಾರ ಫೋನು ರಿಂಗಾದರೂ ಅದನ್ನು ಎತ್ತುವವರೆಗೆ ಅವಳಿಗೆ ಉಸಿರು ಪೂರ್ತಿ ಬರುತ್ತಿರಲಿಲ್ಲ. ಆ ಮನುಷ್ಯ ಎತ್ತಿ, 'ಏಳ್ಲಾ, ಬಸ್ಸಲ್ಲಿವ್ನಿ' ಎಂದ ಮೇಲೆ ಗದ್ದೆಗಳು, ನಾಲೆ, ನಾಲೆಯ ಏರಿಯ ಮೇಲೆ ಒಣಹಾಕಿದ ಸೀರೆಗಳು ಮತ್ತೆ ಕಾಣತೊಡಗಿದವು. ಕೊಳ್ಳೇಗಾಲದ ಆಫೀಸಿಗೆ ಇಷ್ಟು ಹೊತ್ತಿಗೆ ಜಾಲಿದೊಡ್ಡಿಯವರು ಬಂದಿರುತ್ತಾರೆ. ಮೇಗಲದೊಡ್ಡಿಯವರೂ ಬಂದಿರುತ್ತಾರೆ. ಕಾವಲುಗಾರ ಮಹದೇವು ಬಂದು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತಾನೆ. ಒಳಗೆ ಬಾ ಎಂದು ಯಾರೂ ಕರೆದಿರುವುದಿಲ್ಲ. ಇವತ್ತು ಎಲ್ಲರ ಕಣ್ಣೆದುರಿಗೆ ಪರೀಕ್ಷೆ. ತಪ್ಪು ಊರಿಗೆ ಕರೆ ಕಳಿಸುವ ಮೆಷಿನ್ನಿನದೋ ಮಹದೇವುವಿನದೋ ಎಂದು ತೀರ್ಮಾನವಾಗಬೇಕು. ಫಲ ಏನೆಂದು ಮುಂಚೆಯೇ ಗೊತ್ತಿದ್ದವಳು ಅವಳೊಬ್ಬಳೇ. ಮೆಷಿನ್ನು ಸರಿಯಾಗಿ ಕೆಲಸ ಮಾಡುತ್ತದೆ. ಅದನ್ನು ಅವಳೇ ಸರಿ ಮಾಡಿದ್ದಳು, ಜಾಲಿದೊಡ್ಡಿಯ ಪುಟ್ಟಸಿದ್ದಯ್ಯ ಆನೆಯ ಕಾಲಿಗೆ ಸಿಕ್ಕಿ ಸತ್ತ ದಿನ ಮಧ್ಯಾಹ್ನ, ಊಟದ ಡಬ್ಬಿ ತೆರೆಯುವುದಕ್ಕೆ ಮುಂಚೆ.

ಲೊಕ್ಕನಹಳ್ಳಿಯ ಆಚೆ ಕಾಡಿಗೆ ಒರಗಿಕೊಂಡಿರುವ ದೊಡ್ಡಿ ಎಂಬ ಸಣ್ಣ ಊರುಗಳಿಗೆ ಆನೆಯ ಸುದ್ದಿ ಮುಟ್ಟಿಸುವುದು ಅವಳಿರುವ ಟ್ರಸ್ಟಿನ ಕೆಲಸ. ಕಾಡಂಚಿನಲ್ಲಿ ಓಡಾಡುವ ಕಾವಲುಗಾರ ಆನೆ ಕಂಡರೆ ತನ್ನ ಫೋನಿನಲ್ಲಿ ಊರಿನ ಹೆಸರು ಒತ್ತಿ ಕಳಿಸಬೇಕು. ಆ ಊರಿನ ಎಲ್ಲ ಫೋನುಗಳಿಗೂ ಕರೆ ಹೋಗುತ್ತದೆ. ಎತ್ತಿದರೆ ಒಂದು ಹೆಣ್ಣು ದನಿ, ಅದೂ ಪದ್ಮಿನಿಯದೇ, 'ಆನೆ ಬಂದಿದೆ, ಯಾರೂ ಹೊರಗೆ ಹೋಗಬೇಡಿ' ಎನ್ನುತ್ತದೆ. ಕಾವಲುಗಾರ ಒತ್ತುವುದಕ್ಕೂ ಊರಿನವರು ಎತ್ತುವುದಕ್ಕೂ ನಡುವೆ ಇರುವುದು ಅವಳು ಬರೆದ ಪ್ರೋಗ್ರಾಂ. ಕಾವಲುಗಾರನ ಫೋನಿನಿಂದ ಹೊರಡುವುದು ಒಂದೇ ಒಂದು ಉದ್ದನೆಯ ಸಾಲು: ಮೊದಲು ಒಂದು ವಿಳಾಸ, ಅದರ ತುದಿಗೆ ಪ್ರಶ್ನಾರ್ಥಕ ಚಿಹ್ನೆ, ಆಮೇಲೆ ಬಾಲದ ಹಾಗೆ ಯಾರು=ಮಹದೇವು&ಊರು=ಜಾಲಿದೊಡ್ಡಿ&ಎಷ್ಟು=ಒಂದು ಎಂದು ಒಂದಕ್ಕೊಂದು ಗಂಟು ಹಾಕಿಕೊಂಡ ಮಾತುಗಳು. ಆ ಬಾಲವನ್ನು ಗಂಟಿದ್ದಲ್ಲೆಲ್ಲ ಕತ್ತರಿಸಬೇಕು. ಕತ್ತರಿಸಿದ ಒಂದೊಂದು ತುಂಡನ್ನೂ ಸಮ ಚಿಹ್ನೆ ಇರುವಲ್ಲಿ ಸೀಳಬೇಕು. ಎಡಗಡೆಯದು ಡಬ್ಬಿಯ ಮೇಲಿನ ಹೆಸರು, ಬಲಗಡೆಯದು ಡಬ್ಬಿಯೊಳಗಿನ ಪದಾರ್ಥ. ಅಷ್ಟಾದರೆ ಅಯೋಮಯವಾಗಿದ್ದ ಸಾಲು ಅಡುಗೆಮನೆಯ ಶೆಲ್ಫಿನ ಹಾಗೆ ಜೋಡಣೆಯಾಗಿ ನಿಲ್ಲುತ್ತದೆ. ಇದನ್ನು ಮಾಡಿಕೊಡುವ ಸಿದ್ಧ ಸಲಕರಣೆಗಳು ಬೇಕಾದಷ್ಟಿವೆ. ಅವಳೂ ಮೊದಲು ಅಂಥದೊಂದನ್ನೇ ಬಳಸಿದ್ದಳು. ಹೋದ ವರ್ಷ ಟ್ರಸ್ಟಿನ ಕೆಲಸ ನೋಡಲು ಮೈಸೂರಿನಿಂದ ಬಂದಿದ್ದ ತಜ್ಞನೊಬ್ಬ ಅವಳ ಹಿಂದೆ ನಿಂತು, ಪರದೆಯ ಮೇಲೆ ಕಣ್ಣಾಡಿಸಿ, 'ಇದೆಲ್ಲ ಅಲ್ಲಿಲ್ಲಿಂದ ಎತ್ತಿ ಅಂಟಿಸಿದ್ದು ಅಲ್ಲವಾ ಮೇಡಂ?' ಎಂದಿದ್ದ. ನಗುತ್ತಲೇ ಅಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು, ನಕ್ಕ ಬಾಯಿ ಎಷ್ಟೋ ಹೊತ್ತು ಹಾಗೇ ಉಳಿದುಹೋಗಿ ಕೆನ್ನೆ ನೋಯುತ್ತಿತ್ತು. ಆ ವಾರವೇ ಸಲಕರಣೆಯನ್ನು ಕಿತ್ತೆಸೆದು ತನ್ನ ಕೈಯಾರೆ ಬರೆದಳು. ಕನ್ನಡದ ಅಕ್ಷರಗಳು ದಾರಿಯಲ್ಲಿ ಶೇಕಡಾ ಚಿಹ್ನೆಗಳೂ ಅಂಕಿಗಳೂ ಆಗಿ ಒಡೆದು ಬರುತ್ತವೆ. ಅವನ್ನು ಮತ್ತೆ ಕೂಡಿಸಿ 'ಜಾಲಿದೊಡ್ಡಿ' ಎಂದು ಒತ್ತಕ್ಷರ ಸಮೇತ ಮೂಡಿಸಿದಾಗ ಮಗುವಿನ ಬಾಯಿಂದ ಮೊದಲ ಮಾತು ಕೇಳಿದವಳಂತೆ ಹಿಗ್ಗಿದ್ದಳು. ಇದ್ದ ಎಚ್ಚರವನ್ನೆಲ್ಲ ಆ ಕಷ್ಟದ ಕಡೆಗೇ ಖರ್ಚು ಮಾಡಿದ್ದಳು. ಸುಲಭವಾದ ಕಡೆ ನೋಡಿರಲಿಲ್ಲ.

ಎರಡು ಊರು ಒತ್ತುವ ಹಾಗೆ ಮಾಡಿ ಎಂದು ಕೇಳಿದವನೇ ಮಹದೇವು. 'ಮೇಡಂ, ಆನೆ ಎಲ್ಡೂ ದೊಡ್ಡಿ ಮಧ್ಯದ ಅಳ್ಳದಲ್ಲಿ ನಿಂತ್ಕತದೆ. ಯಾವೂರ್ಗೆ ಅಂತ ಒತ್ತನ ನಾನು? ಅದೇನ್ ನನ್ ಕೇಳ್ಕಂಡು ಓದದಾ?' ಅವನು ಕೇಳಿದ ರೀತಿಗೆ ನಗು ಬಂದಿತ್ತು. ಕಾವಲುಗಾರರ ಫೋನಿನ ಪರದೆಯಲ್ಲಿ ಎರಡು ಊರು ಗುರುತು ಮಾಡುವ ಹಾಗೆ ಒಂದೇ ದಿನದಲ್ಲಿ ಬದಲಾಯಿಸಿ ಕೊಟ್ಟಳು. ಈ ತುದಿಯಲ್ಲಿ, ಸಾಲು ಬಂದು ಬೀಳುವ ಕಡೆ, ಏನನ್ನೂ ಬದಲಾಯಿಸಲಿಲ್ಲ. ಅದು ಹೊಳೆಯಲಿಲ್ಲ, ಅಷ್ಟೆ. ಎಷ್ಟು ಹುಡುಕಿದರೂ ಇದಕ್ಕಿಂತ ದೊಡ್ಡ ಕಾರಣ ಅವಳಿಗೆ ಸಿಕ್ಕಿಲ್ಲ. ಕುಡಿದಿರಲಿಲ್ಲ, ಜ್ವರವಿರಲಿಲ್ಲ, ಮನೆಯಲ್ಲಿ ಜಗಳವಾಗಿರಲಿಲ್ಲ. ಆ ಸಂಜೆ ಮಹದೇವು ಹಳ್ಳದಲ್ಲಿ ಒಂಟಿ ಸಲಗವನ್ನು ನೋಡಿ ಜಾಲಿದೊಡ್ಡಿಯನ್ನೂ ಒತ್ತಿದ್ದ, ಮೇಗಲದೊಡ್ಡಿಯನ್ನೂ ಒತ್ತಿದ್ದ. ಸಾಲಿನಲ್ಲಿ 'ಊರು' ಎಂಬ ಹೆಸರು ಎರಡು ಸಲ ಬಂತು. ಅವಳ ಪ್ರೋಗ್ರಾಂ ಮೊದಲು ಊರು ಎಂಬ ಡಬ್ಬಿಗೆ ಜಾಲಿದೊಡ್ಡಿಯನ್ನು ಹಾಕಿತು. ಆಮೇಲೆ ಅದೇ ಡಬ್ಬಿಗೆ ಮೇಗಲದೊಡ್ಡಿಯನ್ನು ಹಾಕಿತು. ಎರಡಕ್ಕೆ ಜಾಗವಿರಲಿಲ್ಲ. ಹಾಕುವ ಮುಂಚೆ ಇದ್ದದ್ದನ್ನು ಚೆಲ್ಲಿತು. ಮೇಗಲದೊಡ್ಡಿಯ ಫೋನುಗಳೆಲ್ಲ ರಿಂಗಾದವು, ಅಲ್ಲಿಯವರು ದನ ಒಳಗೆ ಕಟ್ಟಿ ಬಾಗಿಲು ಹಾಕಿಕೊಂಡರು. ಜಾಲಿದೊಡ್ಡಿಗೆ ಕರೆ ಹೋಗಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಪುಟ್ಟಸಿದ್ದಯ್ಯ ಹೊಲದ ಕಡೆಗೆ ಹೋದ. ಆನೆ ಇನ್ನೂ ಅಲ್ಲೇ, ಹುಣಸೆಮರದ ಮರೆಯಲ್ಲಿ ನಿಂತಿತ್ತು.

ಸುದ್ದಿ ಬಂದಾಗ ಎಲ್ಲರೂ ಟವರ್ ಇರಲಿಲ್ಲ ಅಂದರು. ಆ ಕಡೆ ಟವರ್ ಇಲ್ಲದಿರುವುದು ಮಾಮೂಲು, ಆ ಮಾತು ಎಲ್ಲರಿಗೂ ಸಾಕಾಗಿತ್ತು. ಆದರೆ ಮೇಗಲದೊಡ್ಡಿಗೆ ಫೋನು ಬಂದಿತ್ತು ಎಂದು ಮಧ್ಯಾಹ್ನಕ್ಕೆ ಗೊತ್ತಾಯಿತು. ಆಗ ಪದ್ಮಿನಿ ತನ್ನ ಪ್ರೋಗ್ರಾಂ ತೆರೆದಳು. ಹುಡುಕಬೇಕಾಗಿಯೇ ಬರಲಿಲ್ಲ. ತಲೆಬಾಗಿಲಿನಲ್ಲೇ ಕೂತಿರುವ ನೆಂಟನ ಹಾಗೆ ತಪ್ಪಿದ್ದ ಸಾಲು ಕಣ್ಣಿಗೆ ಬಿತ್ತು. ಕಿವಿಯೊಳಗೆ ಬಿಸಿಯಾಯಿತು. ಕೆಳಗಿನ ಬೀಜದ ಅಂಗಡಿಯಲ್ಲಿ ಯಾರೋ ಮೂಟೆ ಇಳಿಸುತ್ತಿದ್ದರು. ಒಂದೊಂದು ಮೂಟೆ ನೆಲಕ್ಕೆ ಬಿದ್ದಾಗಲೂ ಮೇಜು ಅದುರುತ್ತಿತ್ತು. ಇವತ್ತು ಸಂಜೆಯೂ ಆನೆ ಬರಬಹುದು, ಮೊದಲು ಇದನ್ನು ಸರಿ ಮಾಡಬೇಕು ಎಂದುಕೊಂಡಳು. ಅದು ಸುಳ್ಳೇನಲ್ಲ. ಅದು ನಿಜವಾಗಿದ್ದದ್ದರಿಂದಲೇ ಅದರ ಹಿಂದೆ ಇನ್ನೊಂದು ಕಾರಣ ಅಡಗಿಕೊಳ್ಳಲು ಸಾಧ್ಯವಾಯಿತು. ಒಂದೇ ಹೆಸರು ಮತ್ತೆ ಬಂದರೆ ಡಬ್ಬಿಯಲ್ಲಿದ್ದದ್ದನ್ನು ಚೆಲ್ಲದೆ ಅದರ ಪಕ್ಕದಲ್ಲಿಡು ಎಂದು ಬರೆದಳು. ಎರಡು ಸಾಲಿನ ಕೆಲಸ. ಹೊಸದನ್ನು ಹಳೆಯದರ ಮೇಲೆ ಹಾಕಿದಳು. ಹಳೆಯದು ಹೋಯಿತು. ಫೋನಿನಿಂದ ಬಂದ ಮೂಲ ಸಾಲುಗಳನ್ನು ಇಟ್ಟುಕೊಳ್ಳುವ ಏರ್ಪಾಡು ಅಲ್ಲಿರಲಿಲ್ಲ, ಡಬ್ಬಿಗೆ ಬಿದ್ದದ್ದಷ್ಟೇ ಉಳಿಯುತ್ತಿತ್ತು. ಆ ಸಂಜೆಯ ಡಬ್ಬಿಯಲ್ಲಿ ಮೇಗಲದೊಡ್ಡಿ ಮಾತ್ರ ಇತ್ತು. ತನ್ನ ಲ್ಯಾಪ್‌ಟಾಪಿನಲ್ಲಿ ಹಳೆಯದರ ಇನ್ನೊಂದು ಪ್ರತಿ ಇರುವುದು ನೆನಪಾಯಿತು. ಅದನ್ನು ಯಾಕೆ ಅಳಿಸಿದಳು ಎಂದು ಅವಳನ್ನು ಕೇಳಿದರೆ ಅವಳಿಗೆ ಗೊತ್ತಿಲ್ಲ. ಬೆರಳಿಗೆ ಗೊತ್ತಿತ್ತು.

ಅವತ್ತು ರಾತ್ರಿ ಗಂಡ ಕುಮಾರಸ್ವಾಮಿಯೊಬ್ಬನಿಗೆ ಹೇಳಿದ್ದಳು. ಅವನು ಯಳಂದೂರಿನಲ್ಲಿ ಕರೆಂಟ್ ಆಫೀಸಿನಲ್ಲಿ ಲೈನ್‌ಮ್ಯಾನ್. ಊಟ ಮಾಡುತ್ತಾ ಪೂರ್ತಿ ಕೇಳಿದ. ಕೈ ತೊಳೆದು ಬಂದು, 'ನೀನೇನ್ ಆನೆನಾ? ತುಳುದ್ದು ಆನೆ ಕಣಮ್ಮಿ' ಎಂದ. ಸ್ವಲ್ಪ ಹೊತ್ತಾದ ಮೇಲೆ, 'ಯಾರ್ಗೂ ಏಳಕ್ ಓಗ್ಬ್ಯಾಡ. ಜನ ಆನೆನ ಒಡಿಯಕಾಗಲ್ಲ, ನಿನ್ನ ಒಡಿತಾರೆ' ಎಂದ. ಅವನು ಕೆಟ್ಟವನಲ್ಲ. ಆ ರಾತ್ರಿಯೆಲ್ಲ ಅವಳ ಕಡೆಗೇ ತಿರುಗಿ ಮಲಗಿದ್ದ. ಜನ ಆಗಲೇ ಮಹದೇವುವನ್ನು ಹೊಡೆದಾಗಿತ್ತು ಎಂಬುದು ಅವರಿಬ್ಬರಿಗೂ ತಿಳಿದದ್ದು ಮಾರನೇ ದಿನ, ಟ್ರಸ್ಟಿನವರ ಜೊತೆ ಪದ್ಮಿನಿ ಜಾಲಿದೊಡ್ಡಿಗೆ ಹೋದಾಗ. ಹೆಣ ಎತ್ತಿದ್ದರು. ಮಣ್ಣಿನ ಜಗಲಿಯ ಮೇಲೆ ಪುಟ್ಟಸಿದ್ದಯ್ಯನ ಹೆಂಡತಿ ರಾಚಮ್ಮ ಕಾಲು ಚಾಚಿಕೊಂಡು ಕೂತಿದ್ದಳು. ಅಳು ಮುಗಿದಿತ್ತು. ಟ್ರಸ್ಟಿನ ಅಧ್ಯಕ್ಷರಾದ ಸಿದ್ದಮಲ್ಲಪ್ಪನವರು ಕೈಮುಗಿದು ಏನೋ ಹೇಳಿದರು. ರಾಚಮ್ಮ ಅವರನ್ನು ಬಿಟ್ಟು ಪದ್ಮಿನಿಯನ್ನೇ ನೋಡುತ್ತಾ, ಹೆಂಗಸಾದ್ದರಿಂದ ಇರಬೇಕು, ಹೇಳಿದಳು: 'ಮೊದ್ಲು ನಾಯಿ ಬೊಗುಳುದ್ರೆ ಎದ್ದು ಕುಂತ್ಕತಿದ್ದೋ ಕಣವ್ವ. ಮರ ಅಲ್ಲಾಡುದ್ರೂ ಎದ್ರುಕತಿದ್ದೋ. ನೆನ್ನೇನೂ ನಾಯಿ ಬೊಗುಳ್ತು. ಬ್ಯಾಡ ಓಗ್ಬ್ಯಾಡ ಅಂದೆ. ಪೋನ್ ಬಂದಿಲ್ವಲ್ಲಮ್ಮಿ, ಆನೆ ಇದ್ರೆ ಪೋನ್ ಬರದಾ ಅಂದ್ಬುಟ್ಟು ಓದ್ರು.' ಪದ್ಮಿನಿ ತಲೆಯಾಡಿಸಿದಳು. ಏನಾದರೂ ಮಾಡಬೇಕಿತ್ತು, ತಲೆಯಾಡಿಸಿದಳು. ದೂರದಲ್ಲಿ ಬೇಲಿಯ ಆಚೆ ಮಹದೇವು ನಿಂತಿದ್ದ, ಒಂದು ಕಣ್ಣು ಊದಿಕೊಂಡು ಮುಚ್ಚಿತ್ತು. ಅವಳನ್ನು ನೋಡಿ ಕೂಗಿದ: 'ಮೇಡಂ, ನೀವೇ ಏಳಿ. ಎಲ್ಡೂ ಒತ್ತಿದ್ನಲ್ಲ ಮೇಡಂ ನಾನು. ಮೆಷಿನ್ನಲ್ಲಿ ಇರ್ತದಲ್ವಾ?' ನೋಡುತ್ತೇನೆ ಎಂದಳು. ನೋಡಿಯಾಗಿತ್ತು.

ಬಸ್ಸಿಳಿದು ಹೋದಾಗ ಆಫೀಸಿನಲ್ಲಿ ಅವಳು ಊಹಿಸಿದ್ದಂತೆಯೇ ಎಲ್ಲರೂ ಬಂದು ಕೂತಿದ್ದರು, ಆದರೆ ಮಹದೇವು ಮೆಟ್ಟಿಲ ಮೇಲೆ ಇರಲಿಲ್ಲ. ಒಳಗೆ, ಎಲ್ಲರಿಗಿಂತ ಮುಂದಿನ ಕುರ್ಚಿಯಲ್ಲಿ, ಒಗೆದ ಬಿಳಿ ಶರ್ಟು ಹಾಕಿಕೊಂಡು ನೆಟ್ಟಗೆ ಕೂತಿದ್ದ. ಪರೀಕ್ಷೆ ಬೇಕು ಎಂದು ಹಟ ಮಾಡಿದ್ದವನು ಅವನೇ ಎಂದು ಆಗ ತಿಳಿಯಿತು. ಅವಳನ್ನು ನೋಡಿ ಎದ್ದು ನಿಂತು ನಮಸ್ಕಾರ ಮಾಡಿದ. ಅವನ ಮುಖದಲ್ಲಿ ಇದ್ದ ಭರವಸೆಯನ್ನು ಅವಳಿಗೆ ನೋಡಲಾಗಲಿಲ್ಲ. ಪುಟ್ಟಸಿದ್ದಯ್ಯನ ತಮ್ಮ ಪುಟ್ಟಮಾದಪ್ಪ ಗೋಡೆಗೆ ಒರಗಿ ನಿಂತಿದ್ದ, ಕೂರಲು ಒಪ್ಪಿರಲಿಲ್ಲ. ಸಿದ್ದಮಲ್ಲಪ್ಪನವರು ಎಲ್ಲರಿಗೂ ಟೀ ಕೊಡಿಸಿ, ಇಲ್ಲಿ ಯಾರನ್ನೂ ಗುರಿ ಮಾಡುವುದಕ್ಕಲ್ಲ, ಸತ್ಯ ತಿಳಿಯುವುದಕ್ಕೆ ಸೇರಿದ್ದೇವೆ ಎಂದರು. ಈಗ ಹೇಳಬಹುದು ಎಂದು ಪದ್ಮಿನಿ ಅಂದುಕೊಂಡಳು. ಅವರು ಕೆಮ್ಮಿದರು, ಆ ಕೆಮ್ಮು ಮುಗಿಯುವಷ್ಟರಲ್ಲಿ ಹೇಳಬಹುದಿತ್ತು. ಒಂದು ವಾಕ್ಯ ಮನಸ್ಸಿನಲ್ಲಿ ಜೋಡಿಸಿದಳು. ಅದರಲ್ಲಿ 'ಹೆಸರು', 'ಡಬ್ಬಿ', 'ಎರಡನೆಯದು' ಎಂಬ ಮಾತುಗಳಿದ್ದವು. ಗೋಡೆಗೆ ಒರಗಿ ನಿಂತಿದ್ದ ಆ ಮನುಷ್ಯನ ಮುಖಕ್ಕೆ ಅದನ್ನು ಹಿಡಿದು ನೋಡಿದಳು. ಅಣ್ಣ ಸತ್ತದ್ದು ಇದಕ್ಕಾ ಎಂದು ಅವನು ಕೇಳುತ್ತಾನೆ. ಹೌದು ಅನ್ನಬೇಕು. ಅಷ್ಟರಲ್ಲಿ ಮಹದೇವು ಫೋನು ತೆಗೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಜಾಲಿದೊಡ್ಡಿ ಒತ್ತಿದ, ಮೇಗಲದೊಡ್ಡಿ ಒತ್ತಿದ. ಅವತ್ತಿನ ಹಾಗೇ, ಅದೇ ಅನುಕ್ರಮದಲ್ಲಿ. 'ನೋಡ್ಕಳಿ. ಈಗ ಜಾಲಿದೊಡ್ಡಿಯೋರ್ಗೆ ಬರಲ್ಲ, ನೋಡ್ಕಳಿ' ಎಂದ.

ಎಲ್ಲ ಫೋನುಗಳೂ ಒಟ್ಟಿಗೇ ಹೊಡೆದುಕೊಂಡವು. ಜೇಬಿನಿಂದ, ಸೊಂಟದಿಂದ, ಎಲೆಅಡಿಕೆ ಚೀಲದಿಂದ. ಪುಟ್ಟಮಾದಪ್ಪ ತನ್ನದನ್ನು ಎತ್ತಿ ಕಿವಿಗೆ ಇಟ್ಟುಕೊಳ್ಳದೆ ಮುಂದಕ್ಕೆ ಚಾಚಿ ಹಿಡಿದ. ಸಣ್ಣದಾಗಿ, ತಗಡಿನಂತೆ, ಪದ್ಮಿನಿಯ ದನಿ ಅದರೊಳಗಿಂದ ಆನೆ ಬಂದಿದೆ ಎಂದಿತು. ಮಹದೇವು ತನ್ನ ಫೋನನ್ನು ತಿರುಗಿಸಿ ನೋಡಿದ, ಮತ್ತೆ ಒತ್ತಿದ. ಮತ್ತೆ ಎಲ್ಲವೂ ಹೊಡೆದುಕೊಂಡವು. ಮೂರನೇ ಸಲ ಒತ್ತಲು ಹೋದಾಗ ಪುಟ್ಟಮಾದಪ್ಪ ಬಂದು ಅವನ ಕೈ ಹಿಡಿದ. ಹೊಡೆಯುತ್ತಾನೆ ಎಂದು ಎಲ್ಲರೂ ಎದ್ದರು, ಹೊಡೆಯಲಿಲ್ಲ. 'ಸಾಕು ಬುಡ್ಲಾ' ಎಂದ. ಸಿದ್ದಮಲ್ಲಪ್ಪನವರು ಅವಳ ಕಡೆ ತಿರುಗಿ, 'ಮೇಡಂ, ನಿಮ್ಮ ಅಭಿಪ್ರಾಯ?' ಎಂದು ಕೇಳಿದರು. 'ಸಿಸ್ಟಂ ಸರಿಯಾಗಿದೆ' ಎಂದಳು ಪದ್ಮಿನಿ. ಇದೆ. ವರ್ತಮಾನ ಕಾಲ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದು ಅನ್ನಿಸಿದ್ದೇ ಅವಳು ಅಲ್ಲಿಂದ ಎದ್ದಳು. ಹಿಂದಿನ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಳು. ಬಾಗಿಲಿನ ಆಚೆ ಮಹದೇವು ಇನ್ನು ಮುಂದೆ ಕಾವಲಿಗೆ ಬರುವುದು ಬೇಡ ಎಂಬ ಮಾತು, ಅವನು ಟ್ರಸ್ಟಿನ ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದು, ಮೆಟ್ಟಿಲಿಳಿದ ಹೆಜ್ಜೆ, ಎಲ್ಲ ಕೇಳಿದವು. ಅವನು ವಾದ ಮಾಡಲಿಲ್ಲ. ವಾದ ಮಾಡಿದ್ದರೆ ತಾನು ಹೊರಗೆ ಬರುತ್ತಿದ್ದೆ ಎಂದು ಅವಳು ನಲ್ಲಿಯ ನೀರಿಗೆ ಹೇಳಿಕೊಂಡಳು.

ಜನ ಹೋದ ಮೇಲೆ ಚೀಲ ತೆಗೆದುಕೊಂಡು, ತಲೆನೋವು ಎಂದು ಹೇಳಿ ಹೊರಟಳು. ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೇನೆ ಎಂದಷ್ಟೇ ಗೊತ್ತಿತ್ತು. ಮಹದೇವುವನ್ನು ಹುಡುಕಲಿಕ್ಕೋ ಮನೆಗೆ ಹೋಗಲಿಕ್ಕೋ ತೀರ್ಮಾನಿಸಿರಲಿಲ್ಲ. ಅವನು ಹನೂರಿನ ಕಡೆ ಹೋಗುವ ಬಸ್ಸುಗಳು ನಿಲ್ಲುವಲ್ಲಿ, ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಅವಳನ್ನು ಕಂಡು ಎದ್ದ. ಬಿಸಿಲಿಗೆ ಅವನ ಕಣ್ಣಿನ ಕೆಳಗಿನ ಹಳದಿಗಟ್ಟಿದ ಕಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳು ನಿಂತು ಉಸಿರು ತೆಗೆದುಕೊಳ್ಳದೆ ಹೇಳಿಬಿಟ್ಟಳು. 'ಮಹದೇವು, ನೀವು ಎರಡೂ ಒತ್ತಿದ್ದಿರಿ. ನನ್ನ ಪ್ರೋಗ್ರಾಂ ಒಂದನ್ನು ಚೆಲ್ಲಿತು. ತಪ್ಪು ನನ್ನದು.'

ಅವನು ಅವಳನ್ನೇ ನೋಡಿದ. ಸಿಟ್ಟು ಬರುತ್ತದೆ ಎಂದು ಕಾದಳು. ಬರಲಿ ಎಂದು ಬಯಸಿದಳು.

'ಬುಡಿ ಮೇಡಂ' ಎಂದ. 'ನನ್ ಸಮಾಧಾನಕ್ಕೆ ಏಳ್ತಿದ್ದೀರಿ.'

'ಸಮಾಧಾನಕ್ಕಲ್ಲ. ನಿಜ.'

'ಎಲ್ರ ಮುಂದೇನೇ ಒತ್ತುದ್ನಲ್ಲ? ಎಲ್ಡೂ ಊರ್ಗೂ ಓಯ್ತು. ನನ್ ಕಣ್ಣಾರೆ ನೋಡ್ದೆ.'

'ಅದು ಈಗ. ನಾನು ಆಮೇಲೆ ಸರಿ ಮಾಡಿದೆ. ಅವರು ಸತ್ತ ದಿನವೇ ಸರಿ ಮಾಡಿದೆ.'

ಅವನು ಅವಳ ಮಾತನ್ನು ಒಂದು ಕಡೆ, ತಾನು ಕಂಡದ್ದನ್ನು ಇನ್ನೊಂದು ಕಡೆ ಇಟ್ಟು ತೂಗಿ ನೋಡುತ್ತಿದ್ದ ಹಾಗಿತ್ತು. ಆಮೇಲೆ ತಲೆ ಅಲ್ಲಾಡಿಸಿದ. 'ಮೆಟ್ಲು ಇಳಿಯೋವಾಗ ಎಲ್ಲಾ ಗ್ಯಾಪ್ಕ ಬಂತು ಮೇಡಂ. ಅವತ್ತು ಕೈಯೆಲ್ಲಾ ಒದ್ದೆ ಆಗಿತ್ತು. ಬ್ಯಾಟ್ರಿನ ಬಾಯಲ್ಲಿ ಕಚ್ಕಂಡಿದ್ದೆ. ಆನೆ ಕಿವಿ ಬೀಸೋ ಸದ್ದು ಕೇಳ್ತಿತ್ತು. ಮೇಗಲದೊಡ್ಡಿ ಒತ್ತಿದ್ದು ಚಂದಾಗಿ ಗ್ಯಾಪ್ಕ ಅದೆ. ಜಾಲಿದೊಡ್ಡಿ ಒತ್ತಿದ್ದು... ಒತ್ತುದ್ನೋ, ಒತ್ತುದ್ನಿ ಅಂದ್ಕಂಡ್ನೋ. ಇಷ್ಟ್ ದಿನ ನನ್ ಮನ್ಸು ನಂಗೇ ಸುಳ್ಳು ಏಳ್ತಿತ್ತು ಕಣಿ.'

'ಇಲ್ಲ' ಎಂದಳು ಪದ್ಮಿನಿ. 'ಇಲ್ಲ ಮಹದೇವು, ಅದು ಸುಳ್ಳಲ್ಲ. ಬನ್ನಿ, ಸಿದ್ದಮಲ್ಲಪ್ಪನವರ ಹತ್ತಿರ ಹೋಗೋಣ. ನಾನು ಹೇಳುತ್ತೇನೆ.' ಚೀಲದಿಂದ ಫೋನು ತೆಗೆದಳು. ಅವನು ಗಾಬರಿಯಾಗಿ ಎರಡೂ ಕೈ ಮುಂದೆ ಮಾಡಿ ತಡೆದ. 'ಬ್ಯಾಡಿ ಬ್ಯಾಡಿ. ನನ್ನುಸ್ಕರ ನಿಮ್ ಕೆಲ್ಸ ಯಾಕ್ ಕಳ್ಕಂಡೀರಿ? ನೀವ್ ಒಬ್ರೇ ನನ್ ಮಾತ್ ಕೇಳಿ ಎಲ್ಡೂರು ಒತ್ತೋ ಅಂಗೆ ಮಾಡ್ಕೊಟ್ಟೋರು. ಕೊಟ್ಟುದ್ದನ್ನ ನೆಟ್ಟುಗೆ ಒತ್ನಿಲ್ಲ ನಾನು.' ಅವನ ಕಣ್ಣಲ್ಲಿ ನೀರಿತ್ತು, ಆದರೆ ದನಿ ಹಗುರವಾಗಿತ್ತು, ಬಹಳ ದಿನ ಹೊತ್ತದ್ದನ್ನು ಇಳಿಸಿದವನ ದನಿ. ಇನ್ನೊಂದು ಸಲ ಹೇಳಬೇಕು ಎಂದುಕೊಂಡಳು. ಅವನು ಹೇಗೂ ನಂಬುವುದಿಲ್ಲ ಎಂಬುದು ಒಳಗೆ ಇಳಿಯುತ್ತಿದ್ದ ಹಾಗೆ ಎದೆಯಲ್ಲಿ ಏನೋ ಸಡಿಲವಾಯಿತು. ದುಃಖವಿರಬೇಕು ಎಂದುಕೊಂಡಳು. ದುಃಖವಾಗಿರಲಿಲ್ಲ. ಹೇಳಿದ್ದೂ ಆಯಿತು, ಯಾರಿಗೂ ಗೊತ್ತಾಗಲೂ ಇಲ್ಲ ಎಂಬ ನೆಮ್ಮದಿ ಅದು. ಅದು ತನ್ನೊಳಗೆ ಚಾಪೆ ಹಾಸಿಕೊಂಡು ಕೂರುವುದನ್ನು ಪದ್ಮಿನಿ ನಿಂತು ನೋಡಿದಳು. ಫೋನು ಮತ್ತೆ ಚೀಲಕ್ಕೆ ಹೋಗಿತ್ತು, ಯಾವಾಗ ಹೋಯಿತೋ.

ಲೊಕ್ಕನಹಳ್ಳಿಯ ಬಸ್ಸು ಬಂತು. ಮಹದೇವು ಪಂಚೆಯ ಧೂಳು ಕೊಡವಿಕೊಂಡ. 'ಸೀದಾ ಜಾಲಿದೊಡ್ಡಿಗೇ ಓಯ್ತೀನಿ ಮೇಡಂ. ಆ ತಾಯಿ ಕಾಲ್ಗೆ ಬಿದ್ದು ಒಪ್ಕಂಬುಡ್ತೀನಿ. ಒತ್ನಿಲ್ಲ ಕಣವ್ವ, ನಾನೇ ಕೊಂದ್ಬುಟ್ಟೆ ಅಂತೀನಿ. ಬೈದ್ರೂ ಸರಿ, ಉಗುದ್ರೂ ಸರಿ. ಈಟ್ ದಿನ ಮೆಷಿನ್ನು ಮೆಷಿನ್ನು ಅಂತ ಅವಳ್ ಮುಂದೆ ನಿಂತು ಕೂಗಾಡ್ಬುಟ್ನಲ್ಲ.' ಹತ್ತಿಕೊಂಡ. ಒಳಗೆ ನೂಕುನುಗ್ಗಲು; ಬಿಳಿ ಶರ್ಟು ಒಂದು ಸಲ ಕಂಡು ಮರೆಯಾಯಿತು. ಪದ್ಮಿನಿ ಬಾಗಿಲಿನವರೆಗೆ ಹೋದಳು. ರಾಚಮ್ಮ ಕಾಲು ಚಾಚಿ ಕೂತಿರುವ ಜಗಲಿ, ಅವಳೆದುರು ಬಗ್ಗುವ ಬೆನ್ನು, ರಾಚಮ್ಮನ ಕೈ ಆ ತಲೆಯ ಮೇಲೆ ಬರುತ್ತದೋ ಇಲ್ಲವೋ, ಎಲ್ಲ ಕಣ್ಣಿಗೆ ಕಟ್ಟಿತು. ಹಿಡಿಕೆಯ ಕಬ್ಬಿಣ ಬಿಸಿಲಿಗೆ ಸುಡುತ್ತಿತ್ತು. ಹಿಡಿದಳು.

'ಅತ್ತೀರಾ ಅಮ್ಮಾ?' ಎಂದ ಕಂಡಕ್ಟರ್.

'ಇಲ್ಲ' ಎಂದಳು. ಅವನಿಗೆ ಕೇಳಿಸಲಿಲ್ಲ. ಬಸ್ಸು ಹೊರಡುವುದಕ್ಕೆ ಮೈ ಅದುರಿಸುತ್ತಿತ್ತು. ಅವನು ಬಗ್ಗಿ, 'ಏನಮ್ಮಾ, ಅತ್ತೀರೋ ಇಲ್ವೋ?' ಎಂದು ಗಟ್ಟಿಯಾಗಿ ಕೇಳಿದ. ಸುತ್ತಲಿನವರು ತಿರುಗಿ ನೋಡಿದರು. ಅವಳು ಕೈ ಬಿಟ್ಟು ಹಿಂದಕ್ಕೆ ಸರಿದು, ಎಲ್ಲರಿಗೂ ಕೇಳುವ ಹಾಗೆ, ಸ್ಪಷ್ಟವಾಗಿ, 'ಇಲ್ಲ' ಎಂದಳು.